ತಣ್ಣೀರಿನಲ್ಲಿ 26 ಮೀಟರ್ ಆಳ: ತಲೆ ಮಂಪರಾದದ್ದು ಸಾರಜನಕದಿಂದಲೋ, ಚಳಿಯಿಂದಲೋ, ಗಾಬರಿಯಿಂದಲೋ?

ಬಹಮನಿಕೋಟೆ (ಕಲಬುರಗಿ)

ಎಲ್ಲರಿಗೂ ಶರಣು. ನಾನು ಕಲಬುರಗಿಯವನು, ಸದ್ಯ ಕೆಲಸದ ಮೇಲೆ ಇಂಗ್ಲೆಂಡಿನಲ್ಲಿದ್ದೇನೆ. ಸ್ಕೂಬಾ, ಅಂದರೆ ಗಾಳಿಯ ಸಿಲಿಂಡರ್ ಹೊತ್ತು ನೀರಿನೊಳಗೆ ಇಳಿಯುವುದನ್ನು ಕಲಿತದ್ದು ಮುರುಡೇಶ್ವರದ ಎದುರಿನ ನೇತ್ರಾಣಿಯಲ್ಲಿ, ಆಳಕ್ಕೆ ಇಳಿಯುವ ತರಬೇತಿ ಪಡೆದದ್ದು ಅಂಡಮಾನಿನಲ್ಲಿ. ಎರಡೂ ಕಡೆ ನೀರು 28 ಡಿಗ್ರಿಯ ಆಸುಪಾಸಿನಲ್ಲಿತ್ತು. ತೆಳುವಾದ ವೆಟ್‌ಸೂಟ್ ಹಾಕಿಕೊಂಡು 30 ಮೀಟರಿನವರೆಗೆ ಇಳಿದಾಗಲೂ ತಲೆ ತಿಳಿಯಾಗಿಯೇ ಇತ್ತು.

ಕಳೆದ ತಿಂಗಳು ಇಲ್ಲಿ ನೀರು ತುಂಬಿದ ಹಳೆಯ ಕಲ್ಲುಗಣಿಯೊಂದರಲ್ಲಿ ಇಳಿದೆ. ಶಹಾಬಾದಿನ ಕಡೆ ಖಣಿ ಎನ್ನುತ್ತಾರಲ್ಲ, ಅಂಥದ್ದೇ ಜಾಗ, ಆದರೆ ಬಹಳ ಆಳ. ತಳದಲ್ಲಿ ನೀರು 6 ಡಿಗ್ರಿ. ಮೈಗೆ ಡ್ರೈಸೂಟ್ (ನೀರು ಒಳಗೆ ಬಾರದ ಸೂಟು), ಕೈಗೆ ದಪ್ಪ ಗ್ಲೌಸ್, ಸೊಂಟಕ್ಕೆ ಮಾಮೂಲಿಗಿಂತ ಹೆಚ್ಚಿನ ಸೀಸದ ತೂಕ. 26 ಮೀಟರಿನಲ್ಲಿ ಸಿಲಿಂಡರಿನ ಒತ್ತಡ ಎಷ್ಟಿದೆ ಎಂದು ಮಾಪಕ ನೋಡಿದೆ. ಮುಳ್ಳು 110ರ ಮೇಲಿತ್ತು. ಅದನ್ನು ಜೊತೆಗಾರನಿಗೆ ಬೆರಳಿನಿಂದ ತೋರಿಸಲು ಕೈ ಎತ್ತುವಷ್ಟರಲ್ಲಿ ಅಂಕಿ ಮರೆತುಹೋಯಿತು. ಮತ್ತೆ ನೋಡಿದೆ, ಮತ್ತೆ ಮರೆಯಿತು. ಸೂಟಿಗೆ ಗಾಳಿ ಬಿಡುವ ಗುಂಡಿಯನ್ನು ಹೆಬ್ಬೆರಳು ಒತ್ತುತ್ತಿದೆಯೋ ಇಲ್ಲವೋ ಎಂಬುದೂ ಗೊತ್ತಾಗುತ್ತಿರಲಿಲ್ಲ. ಎದೆ ಬಡಿದುಕೊಳ್ಳತೊಡಗಿತು, ಎಷ್ಟು ಎಳೆದರೂ ಉಸಿರು ಸಾಲದು ಎನಿಸಿತು, ಸಿಲಿಂಡರಿನ ಗಾಳಿಯನ್ನು ಉಸಿರಿಗೆ ಕೊಡುವ, ಬಾಯಿಯಲ್ಲಿದ್ದ ರೆಗ್ಯುಲೇಟರನ್ನು ಕಿತ್ತುಬಿಡಬೇಕು ಎಂಬ ಯೋಚನೆ ಸ್ಪಷ್ಟವಾಗಿ ಬಂತು. ಜೊತೆಗಾರ ತೋಳು ಹಿಡಿದು ಮೆಲ್ಲಗೆ ಮೇಲಕ್ಕೆ ಕರೆದುಕೊಂಡು ಬಂದ. 15 ಮೀಟರಿಗೆ ಬರುವಷ್ಟರಲ್ಲಿ ತಲೆ ತಿಳಿಯಾಯಿತು. ಹೆದರಿಕೆ ಮಾತ್ರ ದಡ ಸೇರಿದ ಮೇಲೂ ಬಹಳ ಹೊತ್ತು ಇತ್ತು.

ಅಲ್ಲಿಯ ತರಬೇತುದಾರರು ಇದು ಸಾರಜನಕದ ನಾರ್ಕೋಸಿಸ್, ಅಂದರೆ ಆಳದ ಒತ್ತಡದಲ್ಲಿ ಸಾರಜನಕದಿಂದ ಬರುವ ಮಂಪರು ಎಂದು ಒಂದೇ ಮಾತಿನಲ್ಲಿ ಮುಗಿಸಿದರು. ಹಾಗಾದರೆ ಅಂಡಮಾನಿನಲ್ಲಿ ಇದಕ್ಕಿಂತ ಆಳದಲ್ಲಿ ಏಕೆ ಬರಲಿಲ್ಲ? ತಣ್ಣೀರು ನಾರ್ಕೋಸಿಸ್ಸನ್ನು ಹೆಚ್ಚಿಸುತ್ತದೆಯೇ, ಅಥವಾ ಚಳಿಯಿಂದ ಹುಟ್ಟಿದ ಆತಂಕವೇ ಮಂಪರಿನಂತೆ ತೋರುತ್ತದೆಯೇ? ತಿಳಿದವರು ಹೇಳಬೇಕು.

ಕಮಲಾಪುರದ ಗೆಳೆಯ

ಇದು ನಾರ್ಕೋಸಿಸ್ಸೇ, ಸಂಶಯ ಬೇಡ. ಮೇಲಕ್ಕೆ ಬಂದ ಕೂಡಲೇ ತಲೆ ತಿಳಿಯಾದದ್ದೇ ಅದಕ್ಕೆ ಸಾಕ್ಷಿ. ಚಳಿ ಕಾರಣವಾಗಿದ್ದರೆ 15 ಮೀಟರಿನಲ್ಲಿ ಅಷ್ಟು ಬೇಗ ಹೇಗೆ ಹೋಗುತ್ತಿತ್ತು?

ನೌಬಾದ್ ನಿವಾಸಿ (ಬೀದರ್)

ಗೆಳೆಯರೇ, ಆ ಸಾಕ್ಷಿ ಅಷ್ಟು ಗಟ್ಟಿಯಲ್ಲ. ನಿಂತ ಸಿಹಿನೀರಿನಲ್ಲಿ ಬೇಸಿಗೆಯಿಂದ ಶರತ್ಕಾಲದವರೆಗೆ ಮೇಲಿನ ಬೆಚ್ಚಗಿನ ಪದರ ಬೇರೆ, ಕೆಳಗಿನ ತಣ್ಣಗಿನ ಪದರ ಬೇರೆ ಇರುತ್ತದೆ. ನಡುವಿನ ಒಂದೆರಡು ಮೀಟರಿನಲ್ಲೇ ಉಷ್ಣತೆ ಹಲವು ಡಿಗ್ರಿ ಬದಲಾಗುತ್ತದೆ. ಸಿಹಿನೀರು 4 ಡಿಗ್ರಿಯಲ್ಲಿ ಅತಿ ಭಾರವಾಗಿರುವುದರಿಂದ ಆಳವಾದ ಗಣಿಗಳ ತಳ ವರ್ಷವಿಡೀ ತಣ್ಣಗೇ ಇರುತ್ತದೆ. ಇವರು 26ರಿಂದ 15 ಮೀಟರಿಗೆ ಬಂದಾಗ ಒತ್ತಡದ ಜೊತೆಗೆ ಚಳಿಯೂ ಕಡಿಮೆಯಾಗಿರಬಹುದು, ಸಹಾಯ ಸಿಕ್ಕಿತೆಂಬ ಸಮಾಧಾನವೂ ಬಂದಿರಬಹುದು. ಮೂರೂ ಒಟ್ಟಿಗೆ ಬದಲಾದಾಗ ಒಂದಕ್ಕೇ ಹೆಸರು ಕೊಡುವುದು ಸರಿಯಲ್ಲ.

ಅರಿವಳಿಕೆ ವೈದ್ಯೆ (ಕಲಬುರಗಿ)

ತಮ್ಮಾ, ಮೊದಲು ಸಾರಜನಕದ ಪಾಲು ಎಷ್ಟು ಎಂದು ನೋಡೋಣ. ಪ್ರತಿ 10 ಮೀಟರ್ ಆಳಕ್ಕೆ ಹೆಚ್ಚುಕಡಿಮೆ ಒಂದು ವಾಯುಮಂಡಲದಷ್ಟು ಒತ್ತಡ ಕೂಡುತ್ತದೆ. ದಡದಲ್ಲಿರುವ ಒಂದನ್ನೂ ಸೇರಿಸಿದರೆ 26 ಮೀಟರಿನಲ್ಲಿ ಒಟ್ಟು ಒತ್ತಡ ಸುಮಾರು ಮೂರೂವರೆ, ಅದರಲ್ಲಿ ಸಾರಜನಕದ್ದು ಸುಮಾರು 2.8, ದಡದಲ್ಲಿ ಅದು 0.79 ಮಾತ್ರ. ಈ ಒತ್ತಡದಲ್ಲಿ ಸಾರಜನಕವು ನಾವು ಶಸ್ತ್ರಚಿಕಿತ್ಸೆಯ ಕೋಣೆಯಲ್ಲಿ ಕೊಡುವ ನೈಟ್ರಸ್ ಆಕ್ಸೈಡಿನ ರೀತಿಯಲ್ಲೇ ಮಿದುಳಿನ ಕೆಲಸವನ್ನು ನಿಧಾನಗೊಳಿಸುತ್ತದೆ. ಅನಿಲವು ಕೊಬ್ಬಿನಲ್ಲಿ ಎಷ್ಟು ಕರಗುತ್ತದೆಯೋ ಅಷ್ಟು ಮಂಪರು ತರುತ್ತದೆ ಎಂಬ ಲೆಕ್ಕ ವಿಜ್ಞಾನಿಗಳಾದ ಮೆಯರ್ ಮತ್ತು ಓವರ್ಟನ್ ಅವರ ಕಾಲದಿಂದ, ಅಂದರೆ 1899–1901ರಿಂದ ಇದೆ. ಒತ್ತಡದ ಗಾಳಿಯಲ್ಲಿ ಕೆಲಸ ಮಾಡುವವರ ಮಂಕುತನಕ್ಕೆ ಸಾರಜನಕವೇ ಕಾರಣವೆಂದು 1935ರಲ್ಲಿ ಹೇಳಿದವರು ಅಮೆರಿಕದ ನೌಕಾಪಡೆಯ ವೈದ್ಯ ಆಲ್ಬರ್ಟ್ ಬೆಂಕೆ ಮತ್ತು ಅವರ ಸಂಗಡಿಗರು.

ಆದ್ದರಿಂದ 26 ಮೀಟರಿನಲ್ಲಿ ನಿಮಗೆ ಸ್ವಲ್ಪವಾದರೂ ನಾರ್ಕೋಸಿಸ್ ಇದ್ದೇ ಇತ್ತು. ಆದರೆ ಅಂಡಮಾನಿನ 30 ಮೀಟರಿನಲ್ಲಿ ಅದು ಇದಕ್ಕಿಂತ ಹೆಚ್ಚಿರಬೇಕಿತ್ತು. ಎರಡರ ವ್ಯತ್ಯಾಸವನ್ನು ಸಾರಜನಕದ ತಲೆಗೆ ಕಟ್ಟಲು ಬರುವುದಿಲ್ಲ. ನನ್ನ ಅನುಮಾನ ಇಂಗಾಲದ ಡೈಆಕ್ಸೈಡಿನ ಮೇಲೆ. ಅದು ಸಾರಜನಕಕ್ಕಿಂತ ಎಷ್ಟೋ ಪಟ್ಟು ಪ್ರಬಲವಾದ ಮಂಪರುಕಾರಕ. ಜೊತೆಗೆ, ರಕ್ತದಲ್ಲಿ ಏರಿದ ಕೂಡಲೇ ಉಸಿರು ಸಾಲದು ಎಂಬ ತಡೆಯಲಾರದ ಭಾವನೆಯನ್ನು ಹುಟ್ಟಿಸುವುದೂ ಅದೇ. ನೀವು ಬರೆದ ಲಕ್ಷಣಗಳಲ್ಲಿ ನನ್ನ ಗಮನ ಸೆಳೆದದ್ದು ಅಂಕಿ ಮರೆತದ್ದಕ್ಕಿಂತ ಆ ಉಸಿರು ಸಾಲದ ಭಾವನೆ. ಇಳಿಯುವ ಮೊದಲೇ ನಿಮಗೆ ದಣಿವು ಆಗಿತ್ತೇ?

ಶಹಾಪುರದ ಈಜುಗಾರ

ಆಳ, ಅನಿಲ ಎಂದು ಅಷ್ಟು ದೂರ ಹೋಗಬೇಕಾಗಿಲ್ಲ. ನಮ್ಮ ಕಡೆ ಬೇಸಿಗೆಯಲ್ಲಿ ಹೊರಗೆ 42 ಡಿಗ್ರಿ ಬಿಸಿಲು ಇರುವಾಗ ಹುಡುಗರು ಹೊಲದ ಬಾವಿಗೆ ಜಿಗಿಯುತ್ತಾರೆ. ಆಳವಾದ ಕಲ್ಲುಬಾವಿಯ ನೀರು ಆಗಲೂ ತಣ್ಣಗಿರುತ್ತದೆ. ಈಜು ಚೆನ್ನಾಗಿ ಬರುವ ಹುಡುಗನೂ ಮೊದಲ ಜಿಗಿತದಲ್ಲಿ ಬಾಯಿ ತೆರೆದು ಗಕ್ಕನೆ ಉಸಿರು ಎಳೆದುಕೊಳ್ಳುತ್ತಾನೆ. ಆ ಗಳಿಗೆಯಲ್ಲಿ ತಲೆ ನೀರಿನೊಳಗಿದ್ದರೆ ಮುಗಿಯಿತು. ಅದಕ್ಕೇ ನಮ್ಮ ಹಿರಿಯರು ಮೊದಲು ಮೆಟ್ಟಿಲ ಮೇಲೆ ಕೂಡಿಸಿ, ಎದೆಗೆ, ಕುತ್ತಿಗೆಗೆ, ಮುಖಕ್ಕೆ ನೀರು ಹಚ್ಚಿಸಿ, ಆಮೇಲೆ ಇಳಿಸುತ್ತಿದ್ದರು. ಈ ಅಣ್ಣನಿಗೂ ಆದದ್ದು ಅದೇ ತಣ್ಣೀರಿನ ಹೊಡೆತ.

ಅರಿವಳಿಕೆ ವೈದ್ಯೆ (ಕಲಬುರಗಿ)

ಹಿರಿಯರ ಪದ್ಧತಿ ನೂರಕ್ಕೆ ನೂರು ಸರಿ. ಬ್ರಿಟನ್ನಿನ ಶರೀರವಿಜ್ಞಾನಿ ಮೈಕ್ ಟಿಪ್ಟನ್ ಅವರು ದಶಕಗಳಿಂದ ಅಧ್ಯಯನ ಮಾಡುತ್ತಿರುವುದು ಇದನ್ನೇ. ಚರ್ಮ ಒಮ್ಮೆಲೇ ತಣ್ಣಗಾದರೆ ತಡೆಯಲಾಗದ ಉಸಿರೆಳೆತ, ಏರಿದ ಎದೆಬಡಿತ, ಏರಿದ ರಕ್ತದೊತ್ತಡ ಒಟ್ಟಿಗೆ ಬರುತ್ತವೆ. ಆದರೆ ಅದು ಅರ್ಧ ನಿಮಿಷದಲ್ಲಿ ತುದಿಗೇರಿ ಎರಡು ಮೂರು ನಿಮಿಷಗಳಲ್ಲಿ ಇಳಿದುಹೋಗುತ್ತದೆ. ಇವರು ಡ್ರೈಸೂಟಿನಲ್ಲಿ ಮೆಲ್ಲಗೆ ಇಳಿದವರು. ತೊಂದರೆ ಬಂದದ್ದು ತಳ ಮುಟ್ಟಿದ ಮೇಲೆ. ಹಾಗಾಗಿ ನೀವು ಹೇಳಿದ ಹೊಡೆತ ನಿಜವಾದರೂ ಇಲ್ಲಿ ಅದು ಮುಖ್ಯ ಕಾರಣ ಎನಿಸುವುದಿಲ್ಲ.

ಶಹಾಪುರದ ಈಜುಗಾರ

ಮೇಡಂ, ಡ್ರೈಸೂಟ್ ಮೈ ಮುಚ್ಚುತ್ತದೆ, ಮುಖ ಮುಚ್ಚುವುದಿಲ್ಲವಲ್ಲ? ತುಟಿ, ಕೆನ್ನೆ ಎರಡೂ 6 ಡಿಗ್ರಿಯ ನೀರಿನಲ್ಲೇ ಇರುತ್ತವೆ.

ಅರಿವಳಿಕೆ ವೈದ್ಯೆ (ಕಲಬುರಗಿ)

ಇದು ಒಳ್ಳೆಯ ಪ್ರಶ್ನೆ. ಮುಖದ ಚರ್ಮಕ್ಕೆ ತಣ್ಣೀರು ತಗುಲಿದರೆ ಎದೆಬಡಿತ ನಿಧಾನವಾಗುತ್ತದೆ, ಮೈಗೆ ತಗುಲಿದರೆ ವೇಗವಾಗುತ್ತದೆ. ಎರಡೂ ಒಟ್ಟಿಗೆ ಬಂದರೆ ಹೃದಯಕ್ಕೆ ಒಂದೇ ಹೊತ್ತಿನಲ್ಲಿ ಎರಡು ವಿರುದ್ಧ ಆಜ್ಞೆಗಳು ಹೋಗುತ್ತವೆ. ಶಾಟಕ್ ಮತ್ತು ಟಿಪ್ಟನ್ 2012ರಲ್ಲಿ ಇದನ್ನು ವಿವರಿಸಿ, ಆರೋಗ್ಯವಂತರಲ್ಲೂ ಬಡಿತದ ಲಯ ತಪ್ಪಲು ಇದು ಕಾರಣವಾಗಬಹುದು ಎಂದಿದ್ದಾರೆ. ಎದೆ ಬಡಿದುಕೊಂಡದ್ದಕ್ಕೆ ಇದರ ಪಾಲೂ ಇರಬಹುದು. ಮುಖವನ್ನು ಮೊದಲೇ ನೀರಿಗೆ ಒಡ್ಡಿ ಉಸಿರು ಹದಕ್ಕೆ ಬಂದ ಮೇಲೆ ಇಳಿಯಬೇಕು ಎಂಬ ನಿಮ್ಮ ಮಾತನ್ನು ನಾನು ಪೂರ್ತಿ ಒಪ್ಪುತ್ತೇನೆ.

ಬಹಮನಿಕೋಟೆ (ಕಲಬುರಗಿ)

ಮೇಡಂ, ನೀವು ಕೇಳಿದ್ದಕ್ಕೆ ಉತ್ತರ: ಹೌದು, ದಣಿವಾಗಿತ್ತು. ಇಳಿಯುವ ಜಾಗ ದಡದಿಂದ ದೂರವಿತ್ತು. ಅಷ್ಟು ತೂಕ ಹೊತ್ತು, ದಪ್ಪ ಸೂಟಿನಲ್ಲಿ ನೀರಿನ ಮೇಲೆ ಈಜಿಕೊಂಡು ಹೋಗಬೇಕಾಯಿತು. ಏದುಸಿರು ಪೂರ್ತಿ ಇಳಿಯುವ ಮೊದಲೇ ಗುಂಪು ಕೆಳಗೆ ಹೊರಟಿತು. ಸೂಟಿನ ಕುತ್ತಿಗೆಯ ರಬ್ಬರ್ ಪಟ್ಟಿಯೂ ಬಿಗಿಯಾಗಿತ್ತು, ಬಾಡಿಗೆಯ ಸೂಟು.

ನೌಬಾದ್ ನಿವಾಸಿ (ಬೀದರ್)

ಇಷ್ಟು ಹೇಳಿದಮೇಲೆ ಚಿತ್ರ ಸ್ಪಷ್ಟವಾಯಿತು. ನಾನು ಬೀದರಿನವನಾದರೂ ಬದುಕು ನಡೆಯುವುದು ಸ್ಕೂಬಾ ಕಲಿಸುವುದರಿಂದ, ಆದ್ದರಿಂದ ಸಲಕರಣೆಯ ಕಡೆಯಿಂದ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಆಳಕ್ಕೆ ಹೋದಂತೆ ನಾವು ಉಸಿರಾಡುವ ಗಾಳಿ ದಟ್ಟವಾಗುತ್ತದೆ. ದಡದಲ್ಲಿ ಒಂದು ಲೀಟರ್ ಗಾಳಿ ಸುಮಾರು 1.2 ಗ್ರಾಂ ತೂಗಿದರೆ 26 ಮೀಟರಿನಲ್ಲಿ ಅದು 4 ಗ್ರಾಮಿಗೂ ಹೆಚ್ಚು. ಲೀಟರಿಗೆ 5.2 ಗ್ರಾಂ ದಾಟಬಾರದು ಎಂಬುದು ಈಗಿನ ಸಲಹೆ, ಮಾಮೂಲಿ ಗಾಳಿಯಲ್ಲಿ ಆ ಮಿತಿ ಸುಮಾರು 31 ಮೀಟರಿಗೇ ಬರುತ್ತದೆ. ದಟ್ಟವಾದ ಗಾಳಿಯನ್ನು ಎಳೆಯುವುದೆಂದರೆ ಜೋಳದ ಅಂಬಲಿಯನ್ನು ಸಣ್ಣ ಕೊಳವೆಯಿಂದ ಹೀರಿದಂತೆ: ಎಳೆಯುವ ಶ್ರಮವೇ ಒಂದು ಕೆಲಸವಾಗುತ್ತದೆ. ಆಗ ಉಸಿರು ತುಂಡಾಗಿ, ಮೇಲುಮೇಲಿನದಾಗಿ ಬಿಡುತ್ತದೆ. ಒಳಗಿನ ಇಂಗಾಲದ ಡೈಆಕ್ಸೈಡ್ ಹೊರಗೆ ಹೋಗುವುದಿಲ್ಲ. ದಣಿದು ಇಳಿದವನು ಅದರ ಸಾಲವನ್ನು ಹೊತ್ತುಕೊಂಡೇ ಇಳಿದಿರುತ್ತಾನೆ, ಆಳದಲ್ಲಿ ಅದನ್ನು ತೀರಿಸಲು ಆಗುವುದಿಲ್ಲ.

ಚಳಿ ಇದಕ್ಕೆ ಹಲವು ಕಡೆಯಿಂದ ಕೂಡುತ್ತದೆ. ನೀರು ಗಾಳಿಗಿಂತ ಸುಮಾರು 25 ಪಟ್ಟು ವೇಗವಾಗಿ ಮೈಯ ಶಾಖವನ್ನು ಎಳೆದುಕೊಳ್ಳುತ್ತದೆ. ವೆಟ್‌ಸೂಟಿನಲ್ಲಿರುವ ಗುಳ್ಳೆಗಳು ಆಳದಲ್ಲಿ ಒತ್ತಿಹೋಗಿ ಬಟ್ಟೆ ತೆಳುವಾಗುತ್ತದೆ, ಅಂದರೆ ಅತ್ಯಂತ ಚಳಿ ಇರುವ ಕಡೆಯೇ ಅದು ಅತ್ಯಂತ ಕಡಿಮೆ ಬೆಚ್ಚಗಿಡುತ್ತದೆ. ಡ್ರೈಸೂಟಿನಲ್ಲಿ ಆ ತೊಂದರೆ ಕಡಿಮೆ, ಆದರೆ ಒಳಗಿನ ಉಣ್ಣೆಯ ಪದರಕ್ಕೆ ತಕ್ಕಂತೆ ಸೀಸ ಹೆಚ್ಚಿಸಬೇಕು, ಸೀಸ ಹೆಚ್ಚಾದಷ್ಟೂ ಶ್ರಮ ಹೆಚ್ಚು. ಕುತ್ತಿಗೆಯ ಪಟ್ಟಿ ಬಿಗಿಯಾದರೆ ಕತ್ತಿನ ರಕ್ತನಾಳದ ಮೇಲೆ ಒತ್ತಿ ತಲೆ ಹಗುರಾದಂತೆ ಆಗುವುದುಂಟು. ಬಾಡಿಗೆಯ ಸೂಟಿನಲ್ಲಿ ಇದು ನಾನು ಎಲ್ಲಕ್ಕಿಂತ ಮೊದಲು ನೋಡುವ ಜಾಗ. ಇನ್ನು 10 ಡಿಗ್ರಿಗಿಂತ ಕೆಳಗಿನ ನೀರಿನಲ್ಲಿ ರೆಗ್ಯುಲೇಟರಿನ ಮೊದಲ ಹಂತದಲ್ಲಿ ಗಾಳಿ ಒಮ್ಮೆಲೇ ಹಿಗ್ಗಿ ತಣ್ಣಗಾಗಿ ಮಂಜುಗಟ್ಟಬಹುದು, ಆಗ ಗಾಳಿ ನಿಲ್ಲದೆ ಸುರಿಯುತ್ತದೆ. ಏದುಸಿರಿನಿಂದ ಜೋರಾಗಿ ಎಳೆಯುವವನಿಗೇ ಅದು ಬರುವ ಸಂಭವ ಹೆಚ್ಚು.

ಕಮಲಾಪುರದ ಗೆಳೆಯ

ನೈಟ್ರಾಕ್ಸ್ (ಆಮ್ಲಜನಕ ಹೆಚ್ಚಿಸಿದ ಗಾಳಿ) ಬಳಸಿದ್ದರೆ ಸಾರಜನಕ ಕಡಿಮೆಯಾಗಿ ಇದೆಲ್ಲ ಬರುತ್ತಲೇ ಇರಲಿಲ್ಲ ಎಂಬುದು ನನ್ನ ವಾದ. ಇಷ್ಟು ಸುತ್ತು ಬಳಸಬೇಕಾಗಿರಲಿಲ್ಲ.

ನೌಬಾದ್ ನಿವಾಸಿ (ಬೀದರ್)

ಅದನ್ನು ನಂಬಿ ಇಳಿಯಬೇಡಿ. ಕೊಬ್ಬಿನಲ್ಲಿ ಕರಗುವ ಲೆಕ್ಕ ಹಿಡಿದರೆ ಆಮ್ಲಜನಕವೂ ಮಂಪರುಕಾರಕವೇ ಆಗಬೇಕು, ಆದ್ದರಿಂದ ನೈಟ್ರಾಕ್ಸ್‌ನಿಂದ ನಾರ್ಕೋಸಿಸ್ ಕಡಿಮೆಯಾಗುತ್ತದೆ ಎಂದು ಯಾರೂ ಭರವಸೆ ಕೊಡುವುದಿಲ್ಲ. ಅದು ಕಡಿಮೆ ಮಾಡುವುದು ಮೈಯಲ್ಲಿ ಕೂಡುವ ಸಾರಜನಕವನ್ನು. ನಿಜವಾಗಿ ಮಂಪರು ತಗ್ಗಿಸುವುದು ಹೀಲಿಯಂ, ಅದು ಗಾಳಿಯ ದಟ್ಟಣೆಯನ್ನೂ ತಗ್ಗಿಸುತ್ತದೆ. ಆದರೆ ಹೀಲಿಯಂ ಶಾಖವನ್ನು ಗಾಳಿಗಿಂತ ಸುಮಾರು ಆರು ಪಟ್ಟು ಸಾಗಿಸುವುದರಿಂದ ಅದನ್ನು ಸೂಟಿನೊಳಗೆ ತುಂಬಿದರೆ ಚಳಿ ಇಮ್ಮಡಿಯಾಗುತ್ತದೆ. ಸೂಟಿಗೆ ಕೆಲವರು ಆರ್ಗಾನ್ ತುಂಬುತ್ತಾರೆ. ಅದು ಬೆಚ್ಚಗಿಡುತ್ತದೆ, ಉಸಿರಾಡಿದರೆ ಮಾತ್ರ ಸಾರಜನಕಕ್ಕಿಂತ ಹೆಚ್ಚು ಮಂಪರು.

ಮನೋವಿಜ್ಞಾನದ ಮಾಸ್ತರ (ಬೀದರ್)

ಆತಂಕದ ಭಾಗವನ್ನು ಇಲ್ಲಿ ಯಾರೂ ಸರಿಯಾಗಿ ಮುಟ್ಟಿಲ್ಲವಾದ್ದರಿಂದ ಬರೆಯುತ್ತಿದ್ದೇನೆ. ಬ್ರಿಟನ್ನಿನ ಮನೋವಿಜ್ಞಾನಿ ಆ್ಯಲನ್ ಬ್ಯಾಡ್ಲಿ 1966ರಲ್ಲಿ ಒಂದು ಪ್ರಯೋಗ ಪ್ರಕಟಿಸಿದರು. ಮುಳುಗುವವರಿಗೆ ತಿರುಪುಗಳನ್ನು ಒಂದು ತುದಿಯಿಂದ ಬಿಚ್ಚಿ ಇನ್ನೊಂದು ತುದಿಗೆ ಹಾಕುವ ಕೈಕೆಲಸ ಕೊಟ್ಟು, ಒಣ ಒತ್ತಡದ ಕೋಣೆಯಲ್ಲೂ ತೆರೆದ ಕಡಲಿನಲ್ಲೂ ಒಂದೇ ಒತ್ತಡದಲ್ಲಿ ಅಳೆದರು. ಕೋಣೆಯಲ್ಲಿ ಕೆಲಸ ಸ್ವಲ್ಪ ಮಾತ್ರ ನಿಧಾನವಾಯಿತು. ಕಡಲಿನಲ್ಲಿ, ನೀರಿನ ಅಡಚಣೆಯನ್ನೂ ಸಾರಜನಕದ ಪಾಲನ್ನೂ ಕೂಡಿಸಿದರೂ ಲೆಕ್ಕಕ್ಕೆ ಸಿಗದಷ್ಟು ಹೆಚ್ಚು ನಿಧಾನವಾಯಿತು. ಮುಂದಿನ ಪ್ರಯೋಗದಲ್ಲಿ, ಪರಿಸ್ಥಿತಿ ಶಾಂತವಾಗಿದ್ದಾಗ, ಆ ಹೆಚ್ಚುವರಿ ನಷ್ಟ ಕಾಣಲಿಲ್ಲ. ಸಾರಜನಕ ಎರಡೂ ಸಲ ಅಷ್ಟೇ ಇತ್ತು. ಉಳಿದ ವ್ಯತ್ಯಾಸಕ್ಕೆ ಅವರು ಆತಂಕದ ಕಡೆ ಬೆರಳು ತೋರಿಸಿದರು. ಅಪಾಯದಲ್ಲಿರುವವನ ಗಮನ ಕಿರಿದಾಗಿ, ಮುಂದಿರುವ ಒಂದೇ ವಸ್ತುವಿನ ಮೇಲೆ ನಿಂತುಬಿಡುತ್ತದೆ ಎಂಬುದು ಅವರು 1972ರಲ್ಲಿ ಬರೆದ ವಿಮರ್ಶೆಯ ತಿರುಳು.

ಚಳಿಯ ಬಗ್ಗೆಯೂ ಅವರ ಗುಂಪೇ 1975ರಲ್ಲಿ ತಣ್ಣೀರಿನಲ್ಲೂ ಬೆಚ್ಚಗಿನ ನೀರಿನಲ್ಲೂ ಮುಳುಗುವವರನ್ನು ಹೋಲಿಸಿತು. ತಣ್ಣೀರಿನಲ್ಲಿ ನೆನಪು ಕುಂದಿತ್ತು. ಅಂದರೆ ಮಾಪಕದ ಅಂಕಿ ಕೈ ಎತ್ತುವಷ್ಟರಲ್ಲಿ ಮರೆಯಲು ನಾರ್ಕೋಸಿಸ್ಸೇ ಬೇಕೆಂದಿಲ್ಲ, ಚಳಿಯೊಂದೇ ಆ ಕೆಲಸ ಮಾಡಬಲ್ಲದು. ನನ್ನ ಅಭಿಪ್ರಾಯದಲ್ಲಿ ಚಳಿಯು ನಾರ್ಕೋಸಿಸ್ಸನ್ನು ಹೆಚ್ಚಿಸುವುದಕ್ಕಿಂತ, ನಾರ್ಕೋಸಿಸ್ ಉಳಿಸಿದ ಬುದ್ಧಿಯನ್ನು ತಿಂದುಹಾಕುತ್ತದೆ.

ಶಹಾಪುರದ ಈಜುಗಾರ

ಮಾಸ್ತರೇ, ಆತಂಕ ಎನ್ನುವುದು ಅಭ್ಯಾಸ ಇಲ್ಲದವರ ಮಾತು. ಧೈರ್ಯ ಇದ್ದವನಿಗೆ ಗಾಬರಿ ಏಕೆ ಬರುತ್ತದೆ? ನಮ್ಮ ಜಿಲ್ಲೆಯಲ್ಲಿ ಕೃಷ್ಣೆಯ ಹರಿವಿನಲ್ಲಿ ಈಜುವವರನ್ನು ಬಂದು ನೋಡಿ.

ಮನೋವಿಜ್ಞಾನದ ಮಾಸ್ತರ (ಬೀದರ್)

ಗೌರವದಿಂದಲೇ ಹೇಳುತ್ತೇನೆ, ಈ ಮಾತು ಅಪಾಯಕಾರಿ. ಅಮೆರಿಕದ ವಿಲಿಯಂ ಮಾರ್ಗನ್ 1990ರ ದಶಕದಲ್ಲಿ ಸ್ಕೂಬಾ ಮಾಡುವವರನ್ನು ಕೇಳಿದಾಗ ಅರ್ಧಕ್ಕಿಂತ ಹೆಚ್ಚು ಜನ ಒಮ್ಮೆಯಾದರೂ ಗಾಬರಿಯ ಅಥವಾ ಅದರ ಅಂಚಿನ ಅನುಭವ ಆಗಿದೆ ಎಂದರು. ಸಿಲಿಂಡರಿನಲ್ಲಿ ಗಾಳಿ ಉಳಿದಿರುವಾಗಲೇ, ಬಾಯಿಯಿಂದ ರೆಗ್ಯುಲೇಟರ್ ತೆಗೆದ ಸ್ಥಿತಿಯಲ್ಲಿ ಶವ ಸಿಕ್ಕ ಪ್ರಕರಣಗಳು ಎಷ್ಟೋ ಇವೆ. ಅವರೆಲ್ಲ ಪುಕ್ಕಲರೆಂದು ತಿಳಿದರೆ ಆ ಸಾವುಗಳಿಂದ ನಾವು ಏನನ್ನೂ ಕಲಿಯುವುದಿಲ್ಲ.

ಬೀದರಿನ ಝರಣಿ ನರಸಿಂಹಸ್ವಾಮಿಯ ಗುಹೆಯಲ್ಲಿ ಎದೆಮಟ್ಟದ ನೀರಿನಲ್ಲಿ ನಡೆದು ಹೋಗುವ ಭಕ್ತರನ್ನು ನೋಡಿ. ಕಾಲು ನೆಲಕ್ಕೆ ತಾಗುತ್ತಿರುತ್ತದೆ, ಸುತ್ತ ಜನರಿರುತ್ತಾರೆ. ಆದರೂ ನಡುದಾರಿಯಲ್ಲಿ ಗಟ್ಟಿ ಆಳುಗಳೇ ಉಸಿರು ಕಟ್ಟಿದಂತಾಗಿ ಪಕ್ಕದವರ ಭುಜ ಹಿಡಿಯುವುದನ್ನು ನಾನು ಕಂಡಿದ್ದೇನೆ. ಇಕ್ಕಟ್ಟು, ನೀರು, ಮಂದ ಬೆಳಕು ಇಷ್ಟೇ ಸಾಕು. ಅದಕ್ಕೆ 6 ಡಿಗ್ರಿಯ ಚಳಿ, ತಲೆಯನ್ನು ಬಿಗಿದ ಟೋಪಿ, ಮಂಕಾದ ಬುದ್ಧಿ ಸೇರಿದರೆ ಧೈರ್ಯದ ಮಾತು ಎಲ್ಲಿ ಬಂತು?

ಭೀಮಾತೀರ (ಅಫಜಲಪುರ)

ನಮ್ಮ ಊರಿನಲ್ಲಿ ನದಿಗೆ, ಬಾವಿಗೆ ಬಿದ್ದವರನ್ನು ಹುಡುಕಲು ಕರೆಯುವ ಕೆಲವರಲ್ಲಿ ನಾನೂ ಒಬ್ಬ. ನಮಗೆ ಸಿಲಿಂಡರ್ ಇಲ್ಲ, ನಾರ್ಕೋಸಿಸ್ ಬರುವ ಆಳವೂ ಇಲ್ಲ, ಆದರೆ ಚಳಿಯ ಬಗ್ಗೆ ಹೇಳಬಲ್ಲೆ. ಮಾಗಿಯಲ್ಲಿ ಬೆಳಗಿನ ಜಾವ ಇಳಿದರೆ ಮೊದಲು ಕೈಕೊಡುವುದು ಬೆರಳು. ಹಗ್ಗದ ಗಂಟು ಕಟ್ಟಲು ಬರುವುದಿಲ್ಲ. ಕಟ್ಟಿದೆ ಎಂದು ಮೇಲೆ ಬಂದು ನೋಡಿದರೆ ಗಂಟೇ ಬಿದ್ದಿರುವುದಿಲ್ಲ. ಅದಕ್ಕೇ ಗಂಟುಗಳನ್ನು ದಡದಲ್ಲೇ ಹಾಕಿ, ಕೊಕ್ಕೆ ಸಿಕ್ಕಿಸಿ, ನೀರಿನೊಳಗೆ ಎಳೆಯುವ ಕೆಲಸ ಒಂದನ್ನೇ ಉಳಿಸಿಕೊಳ್ಳುತ್ತೇವೆ. ಶಹಾಪುರದ ಅಣ್ಣಾ, ಹೊಳೆಯಲ್ಲಿ ಧೈರ್ಯವಂತರು ಮುಳುಗಿದ್ದನ್ನೂ ನಾವೇ ತೆಗೆದಿದ್ದೇವೆ.

ಶಹಾಪುರದ ಈಜುಗಾರ

ಭೀಮಾತೀರದ ಅಣ್ಣನವರ ಮಾತಿಗೆ ನಾನು ಎದುರು ಹೇಳುವುದಿಲ್ಲ. ಆದರೆ ಅಭ್ಯಾಸದಿಂದ ಚಳಿ ತಡೆಯುತ್ತದೆ ಎಂಬುದನ್ನು ಬಿಟ್ಟುಕೊಡುವುದಿಲ್ಲ.

ಅರಿವಳಿಕೆ ವೈದ್ಯೆ (ಕಲಬುರಗಿ)

ಬಿಟ್ಟುಕೊಡಬೇಡಿ, ಅದು ನಿಜ. ತಣ್ಣೀರಿನಲ್ಲಿ ಕೆಲವೇ ನಿಮಿಷಗಳಂತೆ ನಾಲ್ಕಾರು ಸಲ ಇಳಿದರೆ ಆ ಮೊದಲ ಉಸಿರೆಳೆತ ಗಣನೀಯವಾಗಿ ಕಡಿಮೆಯಾಗುತ್ತದೆ. ನಾರ್ಕೋಸಿಸ್ಸಿನ ಕಥೆ ಮಾತ್ರ ಬೇರೆ. ಮತ್ತೆ ಮತ್ತೆ ಆಳಕ್ಕೆ ಹೋದವರಿಗೆ ಮಂಪರು ಕಡಿಮೆಯಾದಂತೆ ಅನಿಸುತ್ತದೆ, ಆದರೆ ಪರೀಕ್ಷೆ ಮಾಡಿದರೆ ಅವರ ಕೆಲಸ ಅಷ್ಟೇ ಕುಂದಿರುತ್ತದೆ. ಅನಿಸಿಕೆ ಸುಧಾರಿಸಿ ಸಾಮರ್ಥ್ಯ ಸುಧಾರಿಸದಿರುವುದು ಬಹಳ ಕೆಟ್ಟ ಜೋಡಿ. ಅಂಡಮಾನಿನ 30 ಮೀಟರಿನಲ್ಲಿ ತಮ್ಮನ ತಲೆ ತಿಳಿಯಾಗಿತ್ತು ಎಂಬುದನ್ನೂ ನಾನು ಸ್ವಲ್ಪ ಅನುಮಾನದಿಂದಲೇ ನೋಡುತ್ತೇನೆ: ಬೆಚ್ಚಗಿನ ತಿಳಿನೀರಿನಲ್ಲಿ, ಮಾಡಬೇಕಾದ ಕೆಲಸವೇನೂ ಇಲ್ಲದಾಗ, ಮಂಕಾದದ್ದು ಗೊತ್ತಾಗುವುದೇ ಇಲ್ಲ.

ಇನ್ನೊಂದನ್ನು ಹೇಳಲೇಬೇಕು, ಏಕೆಂದರೆ ಇದುವರೆಗೆ ಎಲ್ಲರೂ ಚಳಿ ನಾರ್ಕೋಸಿಸ್ಸಿಗೆ ಏನು ಮಾಡುತ್ತದೆ ಎಂದಷ್ಟೇ ಮಾತಾಡಿದ್ದೀರಿ. ನಾರ್ಕೋಸಿಸ್ ಚಳಿಗೆ ಏನು ಮಾಡುತ್ತದೆ? ಇಗೋರ್ ಮೆಕ್ಯಾವಿಚ್ ಮತ್ತು ಸಂಗಡಿಗರು ತಣ್ಣೀರಿನಲ್ಲಿ ಕೂತವರಿಗೆ 30 ಪ್ರತಿಶತ ನೈಟ್ರಸ್ ಆಕ್ಸೈಡ್ ಉಸಿರಾಡಿಸಿ ನೋಡಿದರು. ಅವರಿಗೆ ನಡುಕ ತಡವಾಗಿ ಶುರುವಾಯಿತು, ಶುರುವಾದ ನಡುಕವೂ ದುರ್ಬಲವಾಗಿತ್ತು, ಮೈ ತಣ್ಣಗಾಗುತ್ತಿದ್ದರೂ ಅಷ್ಟು ಚಳಿಯಿಲ್ಲ ಎಂದರು. ಆಳದಲ್ಲಿ ಮಂಪರಾದವನಿಗೂ ಹೀಗೆಯೇ ಆಗುತ್ತದೆ ಎಂದು ತಿಳಿಯುವುದು ಸುರಕ್ಷಿತ. ಒಳಮೈಯ ಉಷ್ಣತೆ 35 ಡಿಗ್ರಿಗಿಂತ ಕೆಳಗೆ ಇಳಿದರೆ ಬುದ್ಧಿ ಇನ್ನೂ ಮಂಕಾಗುತ್ತದೆ. ಚಳಿಯಾಗುತ್ತಿದೆ, ಮೇಲೆ ಹೋಗೋಣ ಎಂದು ಹೇಳಬೇಕಾದ ಅರಿವನ್ನೇ ಮಂಪರು ಮುಚ್ಚಿಹಾಕಿರುತ್ತದೆ. ಈ ಎಲ್ಲದರಲ್ಲಿ ನನಗೆ ಅತ್ಯಂತ ಭಯ ಹುಟ್ಟಿಸುವುದು ಇದೇ.

ಗುರುಮಠಕಲ್ ವಿದ್ಯಾರ್ಥಿನಿ

ಅಕ್ಕನವರೇ, ಕಿವಿಗೆ ತಣ್ಣೀರು ಹೋದರೆ ತಲೆ ತಿರುಗುತ್ತದೆ ಎನ್ನುತ್ತಾರಲ್ಲ, ಅದೂ ನಾರ್ಕೋಸಿಸ್ಸಿನಂತೆ ಕಾಣಬಹುದೇ?

ಅರಿವಳಿಕೆ ವೈದ್ಯೆ (ಕಲಬುರಗಿ)

ಖಂಡಿತ ಕಾಣಬಹುದು. ಬಿಗಿಯಾದ ಟೋಪಿಯಿಂದ ಒಂದು ಕಿವಿಗೆ ಮೊದಲು, ಇನ್ನೊಂದಕ್ಕೆ ತಡವಾಗಿ ತಣ್ಣೀರು ಹೋದರೆ ಒಳಕಿವಿಯ ಸಮತೋಲನ ಕೆಟ್ಟು ಸುತ್ತಲಿನದೆಲ್ಲ ತಿರುಗಿದಂತಾಗುತ್ತದೆ. ಎರಡೂ ಕಿವಿಯಲ್ಲಿ ನೀರು ಸಮನಾಗಿ ಬೆಚ್ಚಗಾದ ಮೇಲೆ ಹೋಗುತ್ತದೆ. ಗಟ್ಟಿಯಾದ ಏನನ್ನಾದರೂ ಹಿಡಿದುಕೊಂಡು ಕಾಯಬೇಕು.

ಬಹಮನಿಕೋಟೆ (ಕಲಬುರಗಿ)

ಎಲ್ಲರಿಗೂ ಋಣಿ. ಎರಡು ಪ್ರಶ್ನೆಗಳು ಉಳಿದಿವೆ. ಮುಂದಿನ ಸಲ ಹೇಗೆ ಇಳಿಯಬೇಕು? ಇನ್ನೊಂದು, ಇಳಿಯುವ ಮೊದಲು ಆತಂಕ ತಗ್ಗಿಸುವ ಗುಳಿಗೆ ತೆಗೆದುಕೊಂಡರೆ ಒಳ್ಳೆಯದು ಎಂದು ಇಲ್ಲಿಯ ಸ್ನೇಹಿತರೊಬ್ಬರು ಹೇಳುತ್ತಿದ್ದಾರೆ.

ನೌಬಾದ್ ನಿವಾಸಿ (ಬೀದರ್)

ಮೊದಲನೆಯದಕ್ಕೆ ನನ್ನ ಉತ್ತರ: ಹೊಸ ಸೂಟು, ಹೊಸ ಚಳಿ, ಹೊಸ ಆಳ ಮೂರನ್ನೂ ಒಂದೇ ದಿನ ಹೊರಬೇಡಿ. ಅದೇ ಗಣಿಯಲ್ಲಿ, ಅದೇ ಗ್ಲೌಸ್ ಹಾಕಿಕೊಂಡು 8–10 ಮೀಟರಿನಲ್ಲಿ ಗುಂಡಿ ಒತ್ತುವುದು, ತೂಕ ಬಿಚ್ಚುವುದು, ಮಾಪಕ ಓದುವುದು ಕೈಗೆ ಕೂಡುವವರೆಗೆ ಮಾಡಿ. ಆಮೇಲೆ ಆಳವನ್ನು ಸ್ವಲ್ಪ ಸ್ವಲ್ಪವೇ ಹೆಚ್ಚಿಸಿ. ಮೇಲೆ ಈಜಿ ಹೋದರೆ, ಉಸಿರು ಪೂರ್ತಿ ಹದಕ್ಕೆ ಬರುವವರೆಗೆ ತೇಲುಬುರುಡೆಯ ಹಗ್ಗ ಹಿಡಿದು ನಿಲ್ಲಿ, ಗುಂಪು ಕಾಯಲಿ. ಆ ಹಗ್ಗ ಹಿಡಿದೇ ಇಳಿಯಿರಿ. ಆಳದಲ್ಲಿ ಉಸಿರು ಸಾಲದು ಎನಿಸಿದರೆ ಈಜುವುದನ್ನು ನಿಲ್ಲಿಸಿ, ಹಗ್ಗ ಹಿಡಿದು, ನಿಧಾನವಾಗಿ ಪೂರ್ತಿ ಹೊರಗೆ ಬಿಡಿ. ಆಗಲೂ ಸಾಲದಿದ್ದರೆ ಜೊತೆಗಾರನಿಗೆ ಸನ್ನೆ ಮಾಡಿ ಮೇಲಕ್ಕೆ ಹೊರಡಿ, ಅದಕ್ಕೆ ಯಾರ ಒಪ್ಪಿಗೆಯೂ ಬೇಡ.

ಬೆರಳು ತೋರಿಸಿ ಲೆಕ್ಕ ಕೇಳುವ ಪರೀಕ್ಷೆಯನ್ನು ಕೆಲವರು ಮಾಡಿಸುತ್ತಾರೆ. ಅದನ್ನು ನೆಚ್ಚಬೇಡಿ: ಮಂಪರಿನಲ್ಲಿರುವವನೂ ಒಂದು ಕೂಡಿಸುವ ಲೆಕ್ಕವನ್ನು ಸರಿಯಾಗಿ ಹೇಳಿಬಿಡುತ್ತಾನೆ. ಪ್ರಶ್ನೆಗೂ ಉತ್ತರಕ್ಕೂ ನಡುವೆ ಎಷ್ಟು ಹೊತ್ತು ಹಿಡಿಯಿತು ಎಂಬುದನ್ನು ಜೊತೆಗಾರ ನೋಡಬೇಕು.

ಕಮಲಾಪುರದ ಗೆಳೆಯ

ಇಂಗಾಲದ ಡೈಆಕ್ಸೈಡಿನ ಮಾತು ಒಪ್ಪಿದೆ. ಆದರೂ ತಲೆ ತಿಳಿಯಾದದ್ದು ಮೇಲಕ್ಕೆ ಬಂದದ್ದರಿಂದ ಎಂಬುದು ನನ್ನ ಅಭಿಪ್ರಾಯ.

ಅರಿವಳಿಕೆ ವೈದ್ಯೆ (ಕಲಬುರಗಿ)

ಮೇಲಕ್ಕೆ ಬರುವುದೇ ಮದ್ದು ಎಂಬುದರಲ್ಲಿ ನಮಗೆ ಭಿನ್ನಾಭಿಪ್ರಾಯವಿಲ್ಲ, ಗೆಳೆಯರೇ. ಕಾರಣ ಯಾವುದಾದರೂ ಮೊದಲು ಮಾಡಬೇಕಾದದ್ದು ಅದನ್ನೇ.

ಗುಳಿಗೆಯ ಬಗ್ಗೆ: ತಮ್ಮಾ, ಬೇಡವೇ ಬೇಡ. ಆತಂಕ ತಗ್ಗಿಸುವ ಬಹುತೇಕ ಗುಳಿಗೆಗಳು ಮಿದುಳನ್ನು ಮಂದಗೊಳಿಸಿಯೇ ಕೆಲಸ ಮಾಡುತ್ತವೆ, ಆಳದಲ್ಲಿ ಸಾರಜನಕವೂ ಅದನ್ನೇ ಮಾಡುತ್ತದೆ. ಎರಡು ಕೂಡಿದರೆ ಫಲ ಏನಾಗುತ್ತದೆ ಎಂದು ದಡದಲ್ಲಿ ಕೂತು ಊಹಿಸಲು ಆಗದು. ದೋಣಿಯಲ್ಲಿ ವಾಂತಿ ಬಾರದಿರಲೆಂದು ತೆಗೆದುಕೊಳ್ಳುವ ನಿದ್ದೆ ಬರಿಸುವ ಗುಳಿಗೆಗೂ, ನೆಗಡಿಯ ಅಂಥ ಗುಳಿಗೆಗೂ, ಹಿಂದಿನ ರಾತ್ರಿಯ ಮದ್ಯಕ್ಕೂ ಇದೇ ಮಾತು ಅನ್ವಯಿಸುತ್ತದೆ. ದಿನವೂ ತೆಗೆದುಕೊಳ್ಳುವ ಔಷಧಿ ಬೇರೆ ಏನಾದರೂ ಇದ್ದರೆ ಸ್ಕೂಬಾ ಬಲ್ಲ ವೈದ್ಯರಿಗೆ ಅದರ ಚೀಟಿ ತೋರಿಸಿ, ಅವರು ಹ್ಞೂಂ ಎಂದ ಮೇಲೆ ನೀರಿಗೆ ಇಳಿಯಿರಿ. ಕುತ್ತಿಗೆಯ ಪಟ್ಟಿಯನ್ನು ಮಾತ್ರ ಈ ವಾರವೇ ಬದಲಿಸಿ.